ಅವ್ವನಿಗೆ ಟೈಮ್ ತರಲು ಹೋದ ಹಾಲೇಶ

ಹಾಲೇಶನ ಕತೆ ಹೇಳ್ತೀನಿ, ಕೇಳ್ರಪ್ಪಾ. ನಗು ಬಂದ ಕಡೆ ನಗ್ರಿ, ಬ್ಯಾಡ ಅನ್ನಲ್ಲ. ನಾನೂ ಮೊದಲು ಕೇಳಿದಾಗ ನಕ್ಕಿದ್ದೆ.

ದಾವಣಗೆರೆಯ ಹೊರಗೆ ಮಂಡಕ್ಕಿ ಭಟ್ಟಿಗಳ ಸಾಲು ಇದೆಯಲ್ಲ, ಹಗಲೆಲ್ಲ ಹೊಗೆ ಏಳ್ತಾ ಇರುತ್ತಲ್ಲ, ಅಲ್ಲೇ ಹಿಂದಿನ ಓಣಿಯಲ್ಲಿ ಕೊಟ್ರವ್ವ ಅಂತ ಒಬ್ಬಳಿದ್ದಳು. ಗಂಡ ಹೋಗಿ ಬಹಳ ಕಾಲ ಆಗಿತ್ತು. ಒಬ್ಬನೇ ಮಗ ಹಾಲೇಶ. ಆಳು ನೋಡಿದರೆ ಆನೆಯಂಗೆ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಬಾಗಿಲು ನೋಡ್ಕೋ ಅಂದರೆ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡೋನು. ಹಿಂದಿನಿಂದ ಬೆಕ್ಕು ಬಂದು ಹಾಲು ಕುಡಿದು ಹೋಗೋದು.

"ಅಯ್ಯೋ ನನ್ನ ಕರ್ಮವೇ! ನಾನು ಸತ್ತರೆ ನಿನ್ನ ಗತಿ ಏನಲೇ?" ಅಂತ ಕೊಟ್ರವ್ವ ತಲೆ ಚಚ್ಚಿಕೊಳ್ಳೋಳು.

"ಏನವ್ವ?" ಅಂತ ಇವನು ಅವಳನ್ನೇ ಕೇಳೋನು.

ತಾಯಿ ಮಗ ಇಬ್ಬರೂ ಇಮಾಮ್ ಸಾಬರ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಮೊದಲೆಲ್ಲ ಹೊತ್ತು ಹುಟ್ಟಿದರೆ ಕೆಲಸ, ಹೊತ್ತು ಮುಳುಗಿದರೆ ಮನೆ. ಈಗ ಹಂಗಲ್ಲ. ಎಲ್ಲೋ ಕೂತ ವ್ಯಾಪಾರಿ ಫೋನ್ ಮಾಡ್ತಾನೆ, ಇಲ್ಲಿ ಒಲೆ ಹಚ್ಚಬೇಕು. ಇನ್ನೊಬ್ಬ ಮೆಸೇಜು ಹಾಕ್ತಾನೆ, ಉಣ್ಣೋ ತಟ್ಟೆ ಬಿಟ್ಟು ಓಡಬೇಕು. ಇಮಾಮ್ ಸಾಬರು ಒಂದು ದಿನ ಅಂದರು, "ಕೊಟ್ರವ್ವ, ನಿನಗೂ ಒಂದು ಫೋನ್ ಇರಲಿ. ಲೋಡ್ ಬಂದಾಗ ಕರೀತೀನಿ."

ತಮ್ಮ ಹಳೇ ಫೋನನ್ನೇ ಕೊಟ್ಟರು. ಕೊಟ್ರವ್ವನ ಹೆಸರಿನಲ್ಲಿ ಸಿಮ್ಮು ಬಂತು. ಭಟ್ಟಿ ಒಲೆಯ ಮುಂದೆ ಕೂರೋಳು ಫೋನ್ ಎಲ್ಲಿ ಇಟ್ಟುಕೊಳ್ಳಬೇಕು? ಮಗನ ಜೇಬಿಗೆ ಹಾಕಿದಳು.

"ನೋಡು ಹಾಲೇಶ, ಇದು ಕೂಗಿದರೆ ಕೈಯಾಗ ಏನಿದ್ದರೂ ಬಿಟ್ಟು ಎತ್ತಬೇಕು. ತಿಳೀತಾ?"

"ತಿಳೀತವ್ವ."

ಮರೆತು ಹೋದೀತು ಅಂತ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದ. "ಏನಿದ್ದರೂ ಬಿಡು, ಫೋನ್ ಎತ್ತು. ಏನಿದ್ದರೂ ಬಿಡು, ಫೋನ್ ಎತ್ತು."

ಭಟ್ಟಿಯಲ್ಲಿ ಆಗ ಚೀಲ ತುಂಬೋ ಹೊತ್ತು. ಮಂಡಕ್ಕಿ ಚೀಲ ಅಂದರೆ ಗೊತ್ತಲ್ಲ, ಆಳೆತ್ತರ ಇರುತ್ತೆ. ಹಾಲೇಶ ಚೀಲದ ಬಾಯಿ ಅಗಲಿಸಿ ಹಿಡಿದಿದ್ದ. ಮೇಲಿಂದ ಇಬ್ಬರು ಆಳುಗಳು ಬುಟ್ಟಿ ಬುಟ್ಟಿ ಸುರಿಯುತ್ತಿದ್ದರು. ಜೇಬಿನಲ್ಲಿ ಫೋನ್ ಕೂಗಿತು. ಹಾಲೇಶ ಚೀಲ ಬಿಟ್ಟ!

"ಏಯ್! ಏಯ್! ಹಿಡಿಯಲೇ!"

ಯಾರು ಹಿಡೀತಾರೆ? ಮಂಡಕ್ಕಿ ಎಲ್ಲ ನೆಲದ ಪಾಲು. ಮೇಲೆ ಗಾಳಿ ಬೇರೆ. ಓಣಿ ತುಂಬ ಬೆಳ್ಳಗೆ ಹಾರಾಡಿತು. ಆಡು ಬಂದವು, ಕೋಳಿ ಬಂದವು, ಗುಬ್ಬಿ ಬಂದವು. ಹಾಲೇಶ ಮಾತ್ರ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದ.

ಕೊಟ್ರವ್ವ ಒಲೆ ಬಿಟ್ಟು ಓಡಿ ಬಂದಳು. "ಯಾರಲೇ ಅದು?"

"ಯಾರೋ ಅಕ್ಕ, ಅವ್ವ. ಹಾಡು ಬೇಕಾದರೆ ಒಂದು ಒತ್ತಿ ಅಂದಳು. ಒತ್ತಿದೆ."

"ನಿನ್ನ ಹಾಡಿಗಿಷ್ಟು ಬೆಂಕಿ ಹಾಕ! ಕೈಯಾಗಿನ ಕೆಲಸ ಬಿಟ್ಟು ಯಾರಾದರೂ ಫೋನ್ ಎತ್ತಾರೇನಲೇ?"

"ನೀನೇ ಹೇಳಿದ್ಯಲ್ಲವ್ವ, ಏನಿದ್ದರೂ ಬಿಡು ಅಂತ."

"ಪೆದ್ದ ಮುಂಡೇದೇ! ಕೆಲಸ ಹಿಡಿದರೆ ಅದು ಪೂರ್ತಿ ಮುಗೀಬೇಕು. ಮುಗಿಯೋತನಕ ಆ ಫೋನ್ ಮುಟ್ಟಬ್ಯಾಡ. ತಿಳೀತಾ?"

"ತಿಳೀತವ್ವ."

ಅದಾಗಿ ಕೆಲವು ದಿನಕ್ಕೆ ಕೊಟ್ರವ್ವನ ತಂಗಿ ನೀಲವ್ವ ಹರಿಹರದಿಂದ ಬರೋಳಿದ್ದಳು. ಅಕ್ಕನಿಗೆ ಕೆಮ್ಮು ಹೆಚ್ಚಾಗಿದೆ, ನೋಡಿಕೊಂಡು ಹೋಗೋಣ ಅಂತ. ಕೊಟ್ರವ್ವ ಭಟ್ಟಿಗೆ ಹೋಗುವಾಗ ಮಗನಿಗೆ ಹೇಳಿದಳು, "ಅಂಗಳ ಗುಡಿಸಿಬಿಡು. ನಿಮ್ಮ ಚಿಗವ್ವ ಬಸ್ ಇಳಿದು ಫೋನ್ ಮಾಡ್ತಾಳೆ. ಹೋಗಿ ಕರ್ಕೊಂಡು ಬಾ."

ಹಾಲೇಶ ಪೊರಕೆ ಹಿಡಿದ. ಅಂಗಳದಲ್ಲಿ ಒಂದು ಬೇವಿನ ಮರ. ಎಲೆ ಉದುರೋ ಕಾಲ. ಈ ಮೂಲೆ ಗುಡಿಸಿ ಆ ಮೂಲೆಗೆ ಹೋಗೋದರೊಳಗೆ ಈ ಮೂಲೆಯಲ್ಲಿ ಎಲೆ. ಮತ್ತೆ ಗುಡಿಸಿದ. ಮತ್ತೆ ಎಲೆ. ಫೋನ್ ಕೂಗಿತು. ಕೆಲಸ ಮುಗಿದಿಲ್ಲವಲ್ಲ! ಗುಡಿಸಿದ. ಫೋನ್ ಕೂಗಿತು. ಗುಡಿಸಿದ. ಮತ್ತೂ ಕೂಗಿತು. "ತಾಳು, ತಾಳು," ಅಂತ ಜೇಬಿಗೆ ಹೇಳಿ ಮತ್ತೂ ಗುಡಿಸಿದ. ಮಧ್ಯಾಹ್ನ ಊಟ ಮಾಡಲಿಲ್ಲ. ನೀರು ಕುಡಿಯಲಿಲ್ಲ. ಅಂಗೈ ಬೊಬ್ಬೆ ಎದ್ದಿತು.

ಸಂಜೆ ಹೊತ್ತಿಗೆ ನೀಲವ್ವ ಬಂದಳು. ತಲೆ ಮೇಲೊಂದು ಗಂಟು, ಕಂಕುಳಲ್ಲೊಂದು ಚೀಲ. ಬಿಸಿಲಲ್ಲಿ ನಿಂತು ನಿಂತು ಮುಖ ಕೆಂಡವಾಗಿತ್ತು.

"ಏನೋ ಹಾಲೇಶ! ಬೆಳಗಿಂದ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು. ಸತ್ತಿದ್ಯೇನೋ?"

"ಇಲ್ಲ ಚಿಗವ್ವ, ಗುಡಿಸ್ತಿದ್ದೆ. ಅಗಾ, ಇನ್ನೊಂದು ಬಿತ್ತು!"

ನೀಲವ್ವ ಪೊರಕೆ ಕಿತ್ತು ಬಿಸಾಕಿದಳು. "ಹಿಂಗೆ ಗುಡಿಸಿದರೆ ನಿನ್ನ ಜನ್ಮವೇ ಮುಗಿದು ಹೋಗ್ತೈತೆ ಕಣೋ! ಒಂದೊಂದು ಕೆಲಸಕ್ಕೆ ಒಂದೊಂದು ಹೊತ್ತು ಅಂತ ಇರಬೇಕು. ತಾ ಇಲ್ಲಿ ಆ ಫೋನು."

ನೀಲವ್ವ ಓದು ಬರಹ ಕಲಿತವಳು. ಕೂತು ಎಲ್ಲದಕ್ಕೂ ಅಲಾರಾಂ ಇಟ್ಟಳು. ಏಳೋದಕ್ಕೊಂದು, ಸ್ನಾನಕ್ಕೊಂದು, ಉಣ್ಣೋದಕ್ಕೊಂದು, ನೀರಿಗೊಂದು, ಮನೆಯ ಆಡಿಗೆ ಮೇವು ಹಾಕೋದಕ್ಕೊಂದು. ಎಲ್ಲದಕ್ಕೂ ಬೇರೆ ಬೇರೆ ರಾಗ. ರಾಗ ಕೇಳಿಸಿ ಕೇಳಿಸಿ ಅವನಿಗೆ ಕಲಿಸಿದಳು.

"ಇದು ಹೊಡೆದ ಕೂಡಲೇ ಹಿಂದಿನ ಕೆಲಸ ಅಲ್ಲಿಗೇ ಬಿಡು, ಮುಂದಿನ ಕೆಲಸಕ್ಕೆ ನಡಿ. ಒಂದು ಗಳಿಗೆ ತಡ ಮಾಡಬ್ಯಾಡ. ತಿಳೀತಾ?"

"ತಿಳೀತು ಚಿಗವ್ವ."

ಅಂದಿನಿಂದ ನೋಡ್ರಿ ಹಾಲೇಶನ ಓಟ! ತಲೆಗೆ ಸೋಪು ಹಚ್ಚಿಕೊಂಡಿರುವಾಗ ಊಟದ ರಾಗ ಹೊಡೆದರೆ ನೊರೆ ಸುರಿಸಿಕೊಂಡೇ ತಟ್ಟೆ ಮುಂದೆ ಬಂದು ಕೂರೋನು. ತುತ್ತು ಬಾಯಲ್ಲಿದ್ದಾಗ ನೀರಿನ ರಾಗ ಹೊಡೆದರೆ ತುತ್ತು ಉಗಿದು ಕೊಡ ಎತ್ತೋನು. ಅರ್ಧ ಸ್ನಾನ, ಅರ್ಧ ಊಟ, ಅರ್ಧ ಕೊಡ ನೀರು. ಹುಡುಗ ಸೊರಗಿ ಹೋದ. ಕೊಟ್ರವ್ವ ಬೈದಳು, ಅತ್ತಳು. ಆ ರಾಗಗಳನ್ನು ತೆಗೆಯೋದು ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ. ನೀಲವ್ವ ಊರಿಗೆ ಹೋಗಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಚೆನ್ನಬಸಪ್ಪ ತೀರಿಕೊಂಡ. ಹಾಲೇಶನನ್ನು ಎತ್ತಿ ಆಡಿಸಿದವನು. ಹಾಲೇಶ ಬಿಕ್ಕಿ ಬಿಕ್ಕಿ ಅತ್ತ. ಗಟ್ಟಿ ಆಳು ಅಂತ ಇವನಿಗೇ ಚಟ್ಟದ ಮುಂದಿನ ಹೆಗಲು ಕೊಟ್ಟರು. ಕಣ್ಣೀರು ಒರೆಸಿಕೊಳ್ಳುತ್ತಾ ಹೊತ್ತು ನಡೆದ. ಇನ್ನೇನು ಓಣಿ ದಾಟಬೇಕು, ಜೇಬಿನಲ್ಲಿ ಆಡಿನ ರಾಗ ಹೊಡೆಯಿತು.

ಹಾಲೇಶ ಹೆಗಲು ತೆಗೆದು ಮನೆ ಕಡೆ ಹೊರಟೇಬಿಟ್ಟ!

ಚಟ್ಟ ವಾಲಿತು. "ಹಿಡೀರಿ! ಹಿಡೀರಿ!" ಹೆಂಗಸರು ಕಿರುಚಿದರು. ಹೆಣದ ಕೈ ಹೊರಗೆ ಜೋತಿತು. ಯಾರೋ ಓಡಿ ಬಂದು ಹೆಗಲು ಕೊಟ್ಟರು. ಸತ್ತವನ ಮಗ ಬಂದು ಹಾಲೇಶನ ಕೆನ್ನೆಗೆ ಬಾರಿಸಿದ.

"ಎಲ್ಲಿಗೆ ಹೊಂಟ್ಯೋ?"

"ಆಡಿಗೆ ಮೇವು ಹಾಕೋ ಹೊತ್ತು," ಅಂದ ಹಾಲೇಶ, ಕೆನ್ನೆ ಹಿಡಿದುಕೊಂಡು.

ಕೊಟ್ರವ್ವ ಬೀದಿಯಲ್ಲೇ ಆ ಮನೆಯವರ ಕಾಲು ಹಿಡಿದಳು. "ಬುದ್ಧಿ ಇಲ್ಲದ ಕೂಸು, ಹೊಟ್ಟೆಗೆ ಹಾಕ್ಕೊಳ್ಳಿ ಯಪ್ಪಾ." ಮನೆಗೆ ಬಂದ ಮೇಲೆ ಮಗನ ಎದೆಗೆ ಗುದ್ದಿ ಗುದ್ದಿ ಅತ್ತಳು. ಗುದ್ದುತ್ತಾ ಗುದ್ದುತ್ತಾ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದಳು. ಹಾಲೇಶ ನೀರು ತಂದು ಕುಡಿಸಿದ.

"ಕೇಳಲೇ ಹಾಲೇಶ. ಸಂಕಟ ಇರೋ ಕಡೆ ಆ ಫೋನಿನ ಬಾಯಿ ಮುಚ್ಚಬೇಕು. ನಿನ್ನ ಬಾಯೂ ಮುಚ್ಚಿರಬೇಕು. ಇದ್ದ ಜಾಗ ಬಿಟ್ಟು ಏಳಬಾರದು. ಸುಮ್ಮನೆ ಕೂತಿರಬೇಕು. ತಿಳೀತಾ?"

"ತಿಳೀತವ್ವ," ಅಂದ. ಈ ಸಲ ಬಹಳ ಸಲ ಹೇಳಿಕೊಂಡ. ಅವ್ವ ಮತ್ತೆ ಯಾರ ಕಾಲೂ ಹಿಡಿಯೋದು ಅವನಿಗೆ ಬೇಡವಾಗಿತ್ತು. "ಸಂಕಟ ಅಂದರೆ ಸುಮ್ಮನಿರು. ಸಂಕಟ ಅಂದರೆ ಸುಮ್ಮನಿರು." ಫೋನಿನ ಬಾಯಿ ಮುಚ್ಚೋದು ಹೇಗೆ ಅಂತ ಇಮಾಮ್ ಸಾಬರ ಹತ್ತಿರ ಹೋಗಿ ಕಲಿತು ಬಂದ. ಅವರೇ ನೋಡಿ ಆ ರಾಗಗಳನ್ನೆಲ್ಲ ತೆಗೆದರು.

ಆಮೇಲೊಂದು ದಿನ ಬೆಳಿಗ್ಗೆ. ಕೊಟ್ರವ್ವ ಭಟ್ಟಿಗೆ ಹೋಗಲು ಸೆರಗು ಬಿಗಿದುಕೊಂಡಳು. ಹೊಸಿಲ ಹತ್ತಿರ ಹೋದವಳು ಅಲ್ಲೇ ಕುಸಿದಳು. ಎದೆ ಹಿಡಿದುಕೊಂಡಳು. ಮೈಯೆಲ್ಲ ಬೆವರು.

"ಹಾಲೇಶ... ಸಂಕಟ ಆಗ್ತೈತಲ್ಲೋ."

ಸಂಕಟ! ಹಾಲೇಶ ಥಟ್ಟನೆ ಫೋನ್ ತೆಗೆದು ಅದರ ಬಾಯಿ ಮುಚ್ಚಿಸಿದ. ತನ್ನ ಬಾಯೂ ಮುಚ್ಚಿಕೊಂಡ. ಅವ್ವನ ಪಕ್ಕ ಬಂದು ಕೂತ.

"ಯಾರನ್ನಾದರೂ..." ಅಂದಳು ಕೊಟ್ರವ್ವ. ಮುಂದೆ ಮಾತು ಬರಲಿಲ್ಲ.

ಯಾರನ್ನಾದರೂ ಏನು ಮಾಡಬೇಕು? ಅದನ್ನು ಅವಳು ಹೇಳಲಿಲ್ಲ. ಕೇಳೋಣ ಅಂದರೆ ಬಾಯಿ ಬಿಡಬಾರದು. ಹಾಲೇಶನ ಕಣ್ಣಲ್ಲಿ ನೀರು ಇಳಿಯಿತು, ಬಾಯಿ ಬಿಡಲಿಲ್ಲ. ಜೇಬಿನಲ್ಲಿ ಫೋನ್ ಗುರುಗುಟ್ಟಿತು, ಎತ್ತಲಿಲ್ಲ. ಬಾಗಿಲ ಮುಂದೆ ಜನ ಹೋದರು, ಕರೆಯಲಿಲ್ಲ. ಸೆರಗಿನಿಂದ ಅವಳ ಬೆವರು ಒರೆಸಿದ. ಮತ್ತೆ ಒರೆಸಿದ. ಬಿಸಿಲು ಹೊಸಿಲು ದಾಟಿ ಒಳಗೆ ಬಂತು.

ಕೆಲಸಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ ಅಂತ ಇಮಾಮ್ ಸಾಬರೇ ಹುಡುಕಿಕೊಂಡು ಬಂದರು. ನೋಡಿ ಎದೆ ಬಡಿದುಕೊಂಡರು.

"ಯಾವಾಗಿಂದಲೇ ಹಿಂಗೆ?"

"ಬೆಳಗಿಂದ."

"ಯಾಕೋ ಕೂಗಲಿಲ್ಲ? ಯಾಕೋ ಫೋನ್ ಮಾಡಲಿಲ್ಲ? ಕಲ್ಲಿನಂಗೆ ಕೂತಿದ್ಯಲ್ಲೋ ಪಾಪಿ!"

ಮಂಡಕ್ಕಿ ಸಾಗಿಸೋ ಟೆಂಪೋದಲ್ಲೇ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು. ದಾರಿಯುದ್ದಕ್ಕೂ ಇಮಾಮ್ ಸಾಬರು ಬೈದರು. "ಆಸ್ಪತ್ರ್ಯಾಗ ಹಿಂಗೆ ಬಾಯಿ ಮುಚ್ಕೊಂಡು ಕೂತರೆ ನಡೆಯಲ್ಲ. ಡಾಕ್ಟರು ಯಾವುದು ಇಲ್ಲ ಅಂತಾರೋ ಅದನ್ನ ಓಡಿ ಹೋಗಿ ತರಬೇಕು. ತಿಳೀತಾ?"

"ತಿಳೀತು ಸಾಬರೇ."

ಡಾಕ್ಟರು ಬಂದರು. ಎದೆ ನೋಡಿದರು, ಕಣ್ಣು ನೋಡಿದರು. ಇಮಾಮ್ ಸಾಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಬೆಳಗ್ಗೆಯೇ ತರಬೇಕಿತ್ತು. ಬಹಳ ತಡ ಮಾಡಿದ್ದೀರಿ. ಆಯಮ್ಮಗೆ ಇನ್ನು ಟೈಮ್ ಇಲ್ಲ."

ಹಿಂದೆ ನಿಂತಿದ್ದ ಹಾಲೇಶ ಕೇಳಿಸಿಕೊಂಡ. ಟೈಮ್ ಇಲ್ಲ! ತಿರುಗಿ ನೋಡದೆ ಓಡಿದ.

ಆಸ್ಪತ್ರೆ ಮುಂದಿನ ಔಷಧಿ ಅಂಗಡಿಗೆ ಹೋದ. "ಟೈಮ್ ಕೊಡ್ರಿ."

ಅಂಗಡಿಯವನು ಗೋಡೆ ಗಡಿಯಾರ ನೋಡಿ ಟೈಮ್ ಹೇಳಿದ.

"ಹೇಳೋದಲ್ಲ, ಕೊಡ್ರಿ!"

"ಹೋಗಯ್ಯ, ಜನ ಅದಾರೆ."

ಹಣ್ಣಿನ ಅಂಗಡಿಗೆ ಹೋದ. "ಟೈಮ್ ಐತಾ?" "ಮಾತಾಡಾಕೂ ಟೈಮ್ ಇಲ್ಲಪ್ಪ, ಮುಂದಕ್ಕೆ ಹೋಗು." ಹೋಟೆಲಿಗೆ ಹೋದ. ಅಲ್ಲೂ ಇರಲಿಲ್ಲ. ಯಾರನ್ನು ಕೇಳಿದರೂ ಇಲ್ಲ ಅಂತಾರೆ. ಊರಲ್ಲೇ ಮುಗಿದು ಹೋಗಿದೆಯೇನೋ ಅಂತ ಹಾಲೇಶ ಇನ್ನೂ ಜೋರಾಗಿ ಓಡಿದ. ಕೊನೆಗೆ ಒಂದು ಮೊಬೈಲ್ ಅಂಗಡಿ. ಹೊರಗೆ ನಿಂತವನೊಬ್ಬ, "ನನಗೆ ಟಾಕ್ ಟೈಮ್ ಹಾಕಮ್ಮ," ಅಂದ. ಗಲ್ಲಾದಲ್ಲಿದ್ದ ಹುಡುಗಿ, "ಆಯ್ತಣ್ಣ, ಬಂತು ನೋಡಿ," ಅಂದಳು.

ಹಾಲೇಶನಿಗೆ ಹೋದ ಜೀವ ಬಂದಂಗಾಯ್ತು. ನುಗ್ಗಿ ಹೋಗಿ ಗಲ್ಲಾ ಹಿಡಿದ.

"ನಮ್ಮವ್ವಗೂ ಹಾಕ್ರಿ!"

"ಯಾವ ನಂಬರಿಗೆ?"

ನಂಬರು ಅವನಿಗೆ ಬಾಯಿಪಾಠ. ಎಲ್ಲಾದರೂ ದಾರಿ ತಪ್ಪಿದರೆ ಯಾರಿಗಾದರೂ ಹೇಳಲಿ, ಅಂತ ಅವ್ವನೇ ಕಲಿಸಿದ್ದಳು. 'ಅವ್ವನ ನಂಬರು' ಅಂತಲೇ ಕಲಿಸಿದ್ದಳು. ಗಡಗಡ ಹೇಳಿದ.

"ಎಷ್ಟಕ್ಕೆ ಹಾಕಲಿ?"

"ಎಷ್ಟು ಐತೋ ಅಷ್ಟೂ ಹಾಕ್ರಿ. ಆಸ್ಪತ್ರ್ಯಾಗ ಮಲಗ್ಯಾಳೆ. ಟೈಮ್ ಇಲ್ಲ ಅಂದರು ಡಾಕ್ಟರು. ಜಲ್ದಿ ಹಾಕ್ರಿ, ಅಕ್ಕಾ!"

ಸುತ್ತ ನಿಂತವರು ಗೊಳ್ಳೆಂದರು. ಹುಡುಗಿ ನಗಲಿಲ್ಲ. ಬೆವರು, ಕಣ್ಣೀರು ಎಲ್ಲ ಕಲೆಸಿಹೋದ ಅವನ ಮುಖ ನೋಡಿದಳು.

"ಅಣ್ಣ, ಆ ಟೈಮು ಅಂಗಡ್ಯಾಗ ಸಿಗಲ್ಲ," ಅಂದಳು. "ನೀನು ಇಲ್ಲಿ ನಿಲ್ಲಬ್ಯಾಡ. ಓಡಿ ಹೋಗಿ ನಿಮ್ಮವ್ವನ ಹತ್ರ ಕೂತ್ಕೋ. ಹೋಗಣ್ಣ, ಓಡು."

ಹಾಲೇಶ ಓಡಿದ.

ಕೊಟ್ರವ್ವ ಕಣ್ಣು ತೆರೆದಿದ್ದಳು. ಮೂಗಿಗೆ ನಳಿಗೆ ಹಾಕಿದ್ದರು.

"ಎಲ್ಲಿಗೆ ಹೋಗಿದ್ಯಲೇ?"

"ನಿನಗೆ ಟೈಮ್ ತರಾಕ, ಅವ್ವ."

ಇಮಾಮ್ ಸಾಬರು ಬೈಯೋಕೆ ಬಾಯಿ ತೆರೆದವರು ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು. ಕೊಟ್ರವ್ವ ಮಗನನ್ನು ನೋಡಿದಳು. ಬೈಗುಳ ಬರುತ್ತೆ ಅಂತ ಹಾಲೇಶ ತಲೆ ತಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಅವಳು ನಕ್ಕಳು. ಸಣ್ಣಗೆ, ಉಸಿರಿನಲ್ಲೇ.

"ಸಿಗ್ತಾ?"

"ಇಲ್ಲವ್ವ. ಎಲ್ಲಾ ಅಂಗಡಿ ಕೇಳಿದೆ. ಯಾರ ಹತ್ರಾನೂ ಇಲ್ಲಂತೆ."

"ಹೂಂ. ಬಾ ಇಲ್ಲಿ."

ಬಂದ. ಅವನ ಬೊಬ್ಬೆ ಒಣಗಿದ ಅಂಗೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. "ಒಂದಿನಾನೂ ನಿನ್ನ ಕೂಡ ಸುಮ್ನೆ ಕೂರಲಿಲ್ಲ ನೋಡು ನಾನು. ಭಟ್ಟಿ ಕರೀತು, ಹೋದೆ. ಫೋನ್ ಕರೀತು, ಹೋದೆ. ಮನೆಗೆ ಬಂದರೆ ಬೈಯಾಕೇ ಹೊತ್ತು ಸಾಲಲಿಲ್ಲ." ಉಸಿರು ಕಟ್ಟಿತು. ತಡೆದು ಹೇಳಿದಳು, "ಒಂಚೂರು ನಿದ್ದಿ ಮಾಡ್ತೀನಿ. ನಾನು ಏಳೋತನಕ ಇಲ್ಲೇ ಕೂತಿರು. ಫೋನ್ ಮುಟ್ಟಬ್ಯಾಡ. ತಿಳೀತಾ, ನನ ಕಂದ?"

"ತಿಳೀತವ್ವ."

ಹಾಲೇಶ ಕೂತ. ಕೈ ಬಿಡಲಿಲ್ಲ, ಫೋನ್ ಮುಟ್ಟಲಿಲ್ಲ. ಅವ್ವನ ಮುಖವನ್ನೇ ನೋಡುತ್ತಾ ಕೂತ. ಹಿಂಗೆ ಅವಳ ಮುಖ ನೋಡುತ್ತಾ ಕೂತದ್ದು ಅವನಿಗೆ ನೆನಪೇ ಇರಲಿಲ್ಲ. ಹಣೆಯ ಮೇಲೆ ಒಲೆ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳಿದ್ದವು. ಒಂದೊಂದನ್ನೂ ನೋಡಿದ.

ನೀಲವ್ವ ಹರಿಹರದಿಂದ ಓಡೋಡಿ ಬರುವಷ್ಟರಲ್ಲಿ ಕೊಟ್ರವ್ವನ ಕೈ ತಣ್ಣಗಾಗಿತ್ತು. ನೀಲವ್ವ ಬಾಗಿಲಲ್ಲೇ "ಅಕ್ಕಾ!" ಅಂತ ಚೀರಿದಳು.

"ಮೆಲ್ಲಗೆ ಚಿಗವ್ವ," ಅಂದ ಹಾಲೇಶ. "ನಿದ್ದಿ ಮಾಡ್ಯಾಳೆ."

ಅವನಿಗೆ ಯಾರು ಹೇಳ್ತಾರೆ? ಹೇಳಿದರು. ನರ್ಸು ಹೇಳಿದಳು, ಇಮಾಮ್ ಸಾಬರು ಹೇಳಿದರು, ನೀಲವ್ವ ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿ ಹೇಳಿದಳು. "ಏಳೋತನಕ ಕೂತಿರು ಅಂದಾಳೆ," ಅಂದ. ಮನೆಗೆ ತಂದರು, ಪಕ್ಕದಲ್ಲೇ ಕೂತು ಬಂದ. ಮರುದಿನ ಹೊತ್ತು ನಡೆದರು, ಪಕ್ಕದಲ್ಲೇ ನಡೆದ. ಮಣ್ಣು ಮಾಡಿದರು. ಎಲ್ಲರೂ ಕೈ ತೊಳೆದು ಹೊರಟರು. ಹಾಲೇಶ ಹಸಿ ಮಣ್ಣಿನ ದಿಬ್ಬದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

"ಏಳಪ್ಪ, ಹೋಗೋಣ," ಅಂದಳು ನೀಲವ್ವ.

"ಅವ್ವ ಏಳಲಿ."

ಕರೆದರು, ಎಳೆದರು, ಬೈದರು. ಆನೆಯಂಥ ಆಳು, ಜಗ್ಗಲಿಲ್ಲ. ಬಿಸಿಲು ಏರಿತು. ಇಮಾಮ್ ಸಾಬರು ತಮ್ಮ ಹೆಗಲ ಟವೆಲನ್ನು ಅವನ ತಲೆಗೆ ಹೊದಿಸಿ ದೂರ ಹೋಗಿ ನಿಂತರು. ನೀಲವ್ವ ಅವನ ಎದುರು ಕೂತಳು. ಕೂತು ಕೂತು ಕೊನೆಗೆ, ಬೇರೇನೂ ತೋಚದೆ, ಒಂದು ಮಾತು ಹೇಳಿದಳು.

"ನಿಮ್ಮವ್ವ ಎದ್ದು ಹೋದಳು ಕಣೋ ಹಾಲೇಶ."

ಹಾಲೇಶ ತಲೆ ಎತ್ತಿದ. "ಎದ್ದಳಾ? ಯಾವಾಗ?"

"ಆಗಲೇ."

"ಎಲ್ಲಿಗೆ ಹೋದಳು?"

"ದೂರ."

"ನನಗೆ ಹೇಳದೇ?"

ನೀಲವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಅವ್ವ ಎದ್ದಾಳೆ ಅಂದ ಮೇಲೆ ಫೋನ್ ಮುಟ್ಟಬಹುದಲ್ಲ! ಹಾಲೇಶ ಜೇಬಿಗೆ ಕೈ ಹಾಕಿದ. ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಾ ಅವ್ವನ ನಂಬರು ಒತ್ತಿದ. ಆ ನಂಬರು ಇದ್ದದ್ದೇ ಅವನ ಕೈಯಲ್ಲಿದ್ದ ಆ ಫೋನಿನಲ್ಲಿ. ಅದಕ್ಕೆ ಅದರಿಂದಲೇ ಫೋನ್ ಮಾಡಿದರೆ ಹೇಗೆ ಹೋದೀತು? ಒಳಗಿನಿಂದ ಒಂದು ಹೆಣ್ಣು ದನಿ ಬಂತು. ಎದುರು ಕೂತ ನೀಲವ್ವನಿಗೂ ಕೇಳಿಸಿತು.

"ನೀವು ಕರೆ ಮಾಡಿದ ಚಂದಾದಾರರು ಬೇರೆ ಕರೆಯಲ್ಲಿ ನಿರತರಾಗಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

"ನಿರತರು ಅಂದರೆ ಏನು ಚಿಗವ್ವ?"

"ಕೆಲಸದಾಗ ಅದಾಳೆ ಅಂತ."

ಹಾಲೇಶ ಫೋನನ್ನೇ ನೋಡಿದ.

"ಅಲ್ಲಿಗೆ ಹೋಗಿನೂ ಕೆಲಸಾನಾ?" ಅಂದ. ಪ್ಯಾಂಟಿನ ಮಣ್ಣು ಕೊಡವಿಕೊಂಡು ಎದ್ದ. "ಬಾ ಚಿಗವ್ವ. ಸ್ವಲ್ಪ ಹೊತ್ತು ಬಿಟ್ಟು ಮಾಡು ಅಂದಳಲ್ಲ ಆ ಅಕ್ಕ. ನಡಕೊಂಡು ಹೋಗ್ತಾ ಮಾಡೋಣ."

ಸುಡುಗಾಡಿನಿಂದ ಓಣಿಯವರೆಗೂ ಮಾಡುತ್ತಲೇ ಬಂದ. ನೀಲವ್ವ ಬೈಯಲಿಲ್ಲ. ಮನೆ ಬಾಗಿಲು ತೆಗೆದು ಅವನು ಒಳಗೆ ಹೋದ. ತಟ್ಟೆ ಹಾಕಿ ನೀಲವ್ವ ಊಟಕ್ಕೆ ಕರೆದಳು.

"ತಡಿ ಚಿಗವ್ವ," ಅಂದ ಒಳಗಿನಿಂದ, "ಇನ್ನೂ ಬಿಡುವಾಗಿಲ್ಲ ಅವ್ವಗೆ."